ಅಮೆರಿಕದ ಕಾಲೇಜು ಪ್ರವೇಶ: ಜನಾಂಗದ ಲೆಕ್ಕ ಈಗ ಎಲ್ಲಿಗೆ ಬಂದಿದೆ?

ಪ್ರಶ್ನೆ:
2023ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಮೆರಿಕದ ಕಾಲೇಜುಗಳಲ್ಲಿ ‘ಮೀಸಲಾತಿ’ ರದ್ದಾಯಿತು ಅಂತಾರೆ. ಅಲ್ಲಿ ನಿಜಕ್ಕೂ ಸೀಟು ಮೀಸಲಿತ್ತೇ? ಈಗ ಅರ್ಜಿಯ ಪ್ರಬಂಧದಲ್ಲಿ ಜನಾಂಗದ ವಿಷಯ ಬರೆಯಬಹುದೇ?

ಉತ್ತರ 1:
ಸೀಟು ಮೀಸಲಿಡುವುದು 1978ರಲ್ಲೇ ನಿಂತುಹೋಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ ವೈದ್ಯಕೀಯ ಕಾಲೇಜು ಅಲ್ಪಸಂಖ್ಯಾತ ಜನಾಂಗಗಳಿಗೆ 100ರಲ್ಲಿ 16 ಸೀಟು ತೆಗೆದಿಟ್ಟಿತ್ತು. ಅಲ್ಲಿ ಸೀಟು ಸಿಗದ ಬಿಳಿಯ ಅಭ್ಯರ್ಥಿ ಬಕ್ಕಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ಪರಿಗಣಿಸಬಹುದು ಎಂದಿತು. ಅದಕ್ಕೆ ಉಳಿದ ಆಧಾರ ತರಗತಿಯ ವೈವಿಧ್ಯ ಮಾತ್ರ, ಸಮಾಜದ ಹಳೆಯ ಅನ್ಯಾಯಕ್ಕೆ ಪರಿಹಾರವಲ್ಲ. ನಮ್ಮ ಸಂವಿಧಾನದ 15(4) ನೇರವಾಗಿ ಹಿಂದುಳಿದಿರುವಿಕೆಯನ್ನೇ ಹೆಸರಿಸುತ್ತದೆ. ಅಲ್ಲಿನ ಬುನಾದಿ ಸಡಿಲವಾದದ್ದು ಇಲ್ಲೇ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯ ಪದವಿ ಪ್ರವೇಶಕ್ಕೆ 150 ಅಂಕಗಳ ಪಟ್ಟಿ ಮಾಡಿ, ಅಲ್ಪಸಂಖ್ಯಾತ ಜನಾಂಗಗಳಿಗೆ 20 ಅಂಕ ಕೊಡುತ್ತಿತ್ತು. 2003ರಲ್ಲಿ ಅದೂ ಹೋಯಿತು. ಅದೇ ದಿನ, ಜನಾಂಗವನ್ನೂ ಒಂದು ಅಂಶವಾಗಿಸಿ ಪ್ರತಿ ಅರ್ಜಿಯನ್ನೂ ಬಿಡಿಯಾಗಿ ತೂಗುತ್ತಿದ್ದ ಅಲ್ಲಿನ ಕಾನೂನು ಕಾಲೇಜಿನ ಪದ್ಧತಿ 5–4ರಲ್ಲಿ ಉಳಿಯಿತು. 2023ರಲ್ಲಿ ಬಿದ್ದದ್ದು ಈ ಕೊನೆಯ ಬಗೆಯ ಪದ್ಧತಿ.

ಉತ್ತರ 2:
ಪ್ರಬಂಧದಲ್ಲಿ ಬರೆಯಬಹುದು. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅಭ್ಯರ್ಥಿ ಹೇಳಿದರೆ ಕಾಲೇಜು ಅದನ್ನು ಪರಿಗಣಿಸಬಹುದು ಎಂದು ತೀರ್ಪಿನಲ್ಲೇ ಇದೆ. ಆದರೆ ಅದು ಧೈರ್ಯ, ಛಲ, ನಾಯಕತ್ವದಂಥ ಗುಣಕ್ಕೆ ಕೊಂಡಿಯಾಗಬೇಕು. ಹೆಚ್ಚಿನವರು ಎಡವುವುದು ಇಲ್ಲಿ: ಸಮುದಾಯದ ಇತಿಹಾಸಕ್ಕೆ ಮುಕ್ಕಾಲು ಪುಟ, ತಾವು ಮಾಡಿದ್ದಕ್ಕೆ ಎರಡು ಸಾಲು. ಅದನ್ನು ತಿರುಗುಮುರುಗು ಮಾಡಿ. ಒಂದು ಘಟನೆ, ಆಗ ನೀವು ತೆಗೆದುಕೊಂಡ ನಿರ್ಧಾರ, ಅದರಿಂದ ಆದದ್ದು, ಇಷ್ಟು ಸಾಕು. ಹಲವು ಕಾಲೇಜುಗಳಿಗೆ ಒಟ್ಟಿಗೆ ಸಲ್ಲುವ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಜನಾಂಗ ಗುರುತಿಸುವ ಚೌಕ ಇದ್ದೇ ಇದೆ. ಅರ್ಜಿ ಓದುವವರಿಗೆ ಕಾಣದಂತೆ ಕಾಲೇಜು ಅದನ್ನು ಮರೆಮಾಡಬಹುದು.

ಉತ್ತರ 3:
ಪರ್ಯಾಯಗಳ ಬಗ್ಗೆ ಯಾರೂ ಹೇಳಿಲ್ಲ. ಟೆಕ್ಸಾಸ್ 1997ರಲ್ಲಿ ಪ್ರತಿ ಪ್ರೌಢಶಾಲೆಯ ಮೊದಲ ಶೇ 10 ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು. ಬಡಾವಣೆಗಳು ಜನಾಂಗವಾರು ಬೇರೆಬೇರೆಯಾಗಿ ಇರುವತನಕ ಮಾತ್ರ ಇದರಿಂದ ವೈವಿಧ್ಯ ಬರುತ್ತದೆ! ಅಲ್ಲಿ ಪದವಿಯ ನಂತರ ನಡೆಯುವ ಕಾನೂನು, ವೈದ್ಯಕೀಯ ಪ್ರವೇಶಕ್ಕಂತೂ ಉಪಯೋಗವಿಲ್ಲ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಹೀಗೆ ಬಂದವರಿಂದಲೇ ಸೀಟು ತುಂಬತೊಡಗಿ, 2009ರಲ್ಲಿ ಇಂಥವರ ಪಾಲಿಗೆ ಶೇ 75ರ ಮಿತಿ ಹಾಕಲು ಅವಕಾಶ ಕೊಡಬೇಕಾಯಿತು.

ಉತ್ತರ 1:
ಇದಕ್ಕೊಂದು ಸೇರಿಸುತ್ತೇನೆ. ತೀರ್ಪಿನ ನಂತರದ ಮೊದಲ ಪ್ರವೇಶದಲ್ಲಿ ಎಂಐಟಿಯ ಕಪ್ಪು ವಿದ್ಯಾರ್ಥಿಗಳ ಪಾಲು ಶೇ 5ಕ್ಕೆ ಇಳಿಯಿತು. ಹಿಂದಿನ ವರ್ಷಗಳ ಸರಾಸರಿ ಶೇ 13 ಇತ್ತು. ಯೇಲ್‌ನಲ್ಲಿ ಶೇ 14 ಹಾಗೇ ಉಳಿಯಿತು. ಒಂದು ಕಾಲೇಜಿನ ಅಂಕಿ ಹಿಡಿದು ತೀರ್ಪಿನ ಪರಿಣಾಮ ಹೇಳಲು ಹೋಗಬೇಡಿ. ಜನಾಂಗ ನಮೂದಿಸದವರನ್ನು ಛೇದದಲ್ಲಿ ಸೇರಿಸಿದ್ದಾರೋ ಬಿಟ್ಟಿದ್ದಾರೋ ಎಂಬುದನ್ನು ಮೊದಲು ನೋಡಿ, ಅದೊಂದರಿಂದಲೇ ಶೇಕಡಾವಾರು ಬದಲಾಗುತ್ತದೆ.