ಮಾನಿಟರ್ ‘ಪತ್ತೆಯಾಗಿಲ್ಲ’, ‘ಸಿಗ್ನಲ್ ಇಲ್ಲ’: ಜನರ ಬಾಯಲ್ಲಿ ಎರಡಕ್ಕೂ ಬೇರೆ ಮಾತಿದೆಯೇ?

ಗೆಳೆಯರೇ,

ಸಿಸ್ಟಂ ಅಪ್‌ಡೇಟ್ ಆದಮೇಲೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಮಾನಿಟರ್ ಕೈಕೊಟ್ಟರೆ ಏನು ಮಾಡಬೇಕು ಅಂತ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ತೊಂದರೆ ಏನೇ ಇರಲಿ, ಎಲ್ಲರೂ ಹೇಳೋದು ‘ಮಾನಿಟರ್ ಬರ್ತಿಲ್ಲ’ ಅಂತಲೇ. ಆದರೆ ಈ ‘ಬರ್ತಿಲ್ಲ’ದಲ್ಲಿ ಬೇರೆ ಬೇರೆ ರೋಗಗಳಿವೆ, ಮದ್ದೂ ಬೇರೆ.

ಮಾನಿಟರ್ ಕೇಬಲ್ ಮೂಲಕ ತನ್ನ ಹೆಸರು, ತಾನು ತೋರಿಸಬಲ್ಲ ರೆಸಲ್ಯೂಷನ್ ಇವನ್ನೆಲ್ಲ ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಇಡಿಐಡಿ ಅನ್ನೋದು ಅದೇ; ಮೂಲ ಮಾಹಿತಿ ಬರೀ 128 ಬೈಟ್. ಅದು ತಲುಪದಿದ್ದರೆ ಅನೇಕ ಸಲ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ, ಪರದೆಗೊಂದರಂತೆ ಇರಬೇಕಾದ ಚೌಕಗಳಲ್ಲಿ ಒಂದೇ ಕಾಣುತ್ತದೆ, ಎರಡನೆಯದು ಇಲ್ಲವೇ ಇಲ್ಲ. ಇದನ್ನು ನಾನು ‘ಪತ್ತೆಯಾಗಿಲ್ಲ’ ಅಂತ ಬರೆದಿದ್ದೇನೆ. ಇಲ್ಲಿ ನೋಡಬೇಕಾದ್ದು ಕೇಬಲ್, ಡಾಕ್ (ಲ್ಯಾಪ್‌ಟಾಪಿಗೂ ಮಾನಿಟರಿಗೂ ನಡುವೆ ಸಿಕ್ಕಿಸುವ ಪೆಟ್ಟಿಗೆ), ಗ್ರಾಫಿಕ್ಸ್ ಡ್ರೈವರ್ (ಚಿತ್ರ ತೋರಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್). ಟೈಪ್-ಸಿ ಪೋರ್ಟ್ ಆದರೆ ಅದರಲ್ಲಿ ವಿಡಿಯೊ ಬರುತ್ತದೆಯೇ ಅಂತಲೂ ನೋಡಬೇಕು, ಎಲ್ಲದರಲ್ಲೂ ಬರೋದಿಲ್ಲ. ವಿಂಡೋಸ್‌ನಲ್ಲಿ ಯಂತ್ರದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಇದ್ದರಂತೂ ಅಸಲಿ ಡ್ರೈವರ್ ಲೋಡ್ ಆಗಿಲ್ಲ ಅಂತಲೇ ಅರ್ಥ.

ಇನ್ನೊಂದು ಬಗೆಯಲ್ಲಿ ಚೌಕ ಎರಡೂ ಇರುತ್ತವೆ, ಮೌಸ್ ಬಾಣ ಆಚೆ ಅಂಚು ದಾಟಿ ಮಾಯವೂ ಆಗುತ್ತದೆ. ಮಾನಿಟರ್ ಮೇಲೆ ಮಾತ್ರ ‘ನೋ ಸಿಗ್ನಲ್’ ಅಂತ ತೇಲಾಡುತ್ತಿರುತ್ತದೆ. ಆಗ ಮೊದಲು ಮಾನಿಟರಿನ ಇನ್‌ಪುಟ್ ನೋಡಬೇಕು, ಎಚ್‌ಡಿಎಂಐ ಸಿಕ್ಕಿಸಿ ಅಲ್ಲಿ ಡಿಸ್‌ಪ್ಲೇಪೋರ್ಟ್ ಆರಿಸಿದ್ದರೆ ಚಿತ್ರ ಎಲ್ಲಿಂದ ಬರಬೇಕು? ವಿಂಡೋಸ್ ಆದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿ ಗ್ರಾಫಿಕ್ಸ್ ಡ್ರೈವರನ್ನು ಮರುಚಾಲನೆ ಮಾಡಬಹುದು. ಇದಕ್ಕೆ ‘ಸಿಗ್ನಲ್ ಇಲ್ಲ’ ಅಂತ ಇಟ್ಟಿದ್ದೇನೆ. ‘ಸಂಕೇತ ಇಲ್ಲ’ ಅಂದರೆ ಯಾರಿಗೂ ತಲುಪೋದಿಲ್ಲ, ಅಲ್ವಾ?

ಹೊಸಬರಿಗೆ ಈ ಎರಡರ ವ್ಯತ್ಯಾಸ ಓದಿದ ತಕ್ಷಣ ಹೊಳೆಯಬೇಕು. ‘ಪತ್ತೆಯಾಗಿಲ್ಲ’ ಅಂದಾಗ ವಸ್ತು ಕಳೆದುಹೋಗಿ ಪೊಲೀಸರು ಹುಡುಕುತ್ತಿರುವ ಹಾಗೆ ಕೇಳಿಸುತ್ತದೆ ಅಂತ ಒಬ್ಬರು ನಕ್ಕರು. ‘ಲ್ಯಾಪ್‌ಟಾಪ್ ಮಾನಿಟರನ್ನು ಗುರುತಿಸುತ್ತಿಲ್ಲ’ ಅಂದರೆ ಹೇಗೆ? ಉದ್ದವಾಯಿತು, ಆದರೆ ಯಾರು ಯಾರನ್ನು ಗುರುತಿಸಬೇಕು ಅನ್ನೋದು ಸ್ಪಷ್ಟ. ನನಗೆ ಇದೇ ಜಾಸ್ತಿ ಹಿಡಿಸಿದೆ.

ಎರಡನೇ ತಕರಾರು, ವಿಂಡೋಸ್ ಕೀ ಜೊತೆ ಪಿ ಒತ್ತಿದಾಗ, ಚಿತ್ರ ಯಾವ ಪರದೆಯಲ್ಲಿ ಹೇಗೆ ಬರಬೇಕು ಅಂತ ಆರಿಸಲು ಬರುವ ಪಟ್ಟಿಯದು. ‘ಎಕ್ಸ್‌ಟೆಂಡ್’ಗೆ ‘ವಿಸ್ತರಿಸು’ ಅಂತ ಹಾಕಿದರೆ ಚಿತ್ರವನ್ನೇ ಎಳೆದು ದೊಡ್ಡದು ಮಾಡುತ್ತದೆ ಅಂದುಕೊಳ್ಳುತ್ತಾರೆ. ‘ಡುಪ್ಲಿಕೇಟ್’ಗೆ ‘ನಕಲು’ ಅಂದರೆ ಕಳ್ಳ ಮಾಲು ನೆನಪಾಗುತ್ತದೆ. ನಾನು ‘ಎರಡಕ್ಕೂ ಹರಡು’, ‘ಎರಡರಲ್ಲೂ ಅದೇ’ ಅಂತ ಬರೆದು ನೋಡಿದ್ದೇನೆ. ಬಟನ್ ಹೆಸರನ್ನು ಹಾಗೇ ಕನ್ನಡ ಲಿಪಿಯಲ್ಲಿ ಕೊಟ್ಟು, ಪಕ್ಕದಲ್ಲಿ ಇವನ್ನು ಒಂದು ಸಲ ಹೇಳಿದರೆ ಸಾಕು ಅನಿಸುತ್ತದೆ.

‘ಡ್ರೈವರ್’ಗೆ ‘ಚಾಲಕ’ ಬೇಡವೇ ಬೇಡ, ಅದರ ಬಗ್ಗೆ ಚರ್ಚೆ ಸಾಕು.

ಉಳಿದದ್ದು ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರಿಗೆ ಇರುವ ‘ರೋಲ್ ಬ್ಯಾಕ್’ ಬಟನ್. ಇದು ಬರೀ ಆ ಡ್ರೈವರನ್ನು ಹಿಂದಿನ ಆವೃತ್ತಿಗೆ ಒಯ್ಯುತ್ತದೆ. ಅಪ್‌ಡೇಟನ್ನೇ ತೆಗೆದುಹಾಕೋದು ಬೇರೆ ಕೆಲಸ. ಹಿಂದಿನ ಡ್ರೈವರ್ ಉಳಿದಿಲ್ಲದಿದ್ದರೆ ಬಟನ್ ಮಾಸಲಾಗಿರುತ್ತದೆ, ಒತ್ತಿದರೂ ಕೆಲಸ ಮಾಡದು. ‘ಹಿಂದಿನ ಡ್ರೈವರಿಗೆ ಮರಳು’ ಅಂತ ಬರೆದರೆ ಓದುಗರು ಇಡೀ ಅಪ್‌ಡೇಟೇ ಹೋಯಿತು ಅಂದುಕೊಳ್ಳುತ್ತಾರೆಯೇ? ಇದಕ್ಕಿಂತ ಚಿಕ್ಕದಾದ, ಗೊಂದಲವಿಲ್ಲದ ಮಾತು ನಿಮ್ಮ ಬಳಕೆಯಲ್ಲಿ ಇದ್ದರೆ, ಅದನ್ನು ಹಾಕಿದ ಒಂದು ಪೂರ್ತಿ ವಾಕ್ಯದ ಜೊತೆ ತಿಳಿಸಿ.