ಗುಜರಿ ಅಂಗಡಿಯ ಹಳೇ ರೆಕಾರ್ಡ್: ಹಾಕಿ ಕೇಳದೆ ಆರಿಸೋದು ಹೆಂಗ?

ಮಾನ್ವಿ_ರೇಡಿಯೋ:
ರಾಯಚೂರಿನ ಒಂದು ಗುಜರಿ ಅಂಗಡ್ಯಾಗ ಅರವತ್ತು ಎಪ್ಪತ್ತು ರೆಕಾರ್ಡ್ ಅದಾವ. ದೊಡ್ಡ ತಟ್ಟೆ, ಸಣ್ಣ ತಟ್ಟೆ ಎಲ್ಲಾ ಕಲಸಿಬಿಟ್ಟಾರ, ಅರ್ಧಕ್ಕ ಕವರಿಲ್ಲ. ಕೆಲವಕ್ಕ ಬಿಳೇ ಬೂಷ್ಟು ಹಿಡಿದದ. ಸ್ಪಿರಿಟ್ ಹಾಕಿ ಒರೆಸಿದ್ರ ನಡೀತದಾ? ನನ್ನ ಹತ್ರ ಹಳೇ ಸೂಟ್‌ಕೇಸ್ ಪ್ಲೇಯರ್ ಅದ.

ಹೊಸಪೇಟೆ_ಸೌಂಡ್:
ಸ್ಪಿರಿಟ್ ಮುಟ್ಟಲೇಬೇಡಿ. 78ರ ತಟ್ಟೆ (ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ರೆಕಾರ್ಡ್) ಅರಗು ಮತ್ತು ಕಲ್ಲಿನ ಪುಡಿಯಿಂದ ಮಾಡಿದ್ದು, ಸ್ಪಿರಿಟ್‌ಗೆ ಅರಗು ಕರಗುತ್ತೆ, ಹಾಡು ಕೊರೆದಿರೋ ಗೆರೆಗಳೇ ಅಳಿಸಿಹೋಗುತ್ತವೆ. ಮೊದಲು ಎರಡು ರಾಶಿ ಮಾಡಿ: ಭಾರವಾಗಿ, ಬಾಗದೆ ಇರೋದು ಅರಗು, ಸ್ವಲ್ಪ ಬಳುಕೋದು ವಿನೈಲ್ ಅನ್ನೋ ಪ್ಲಾಸ್ಟಿಕ್.

ಅರಗಿನದನ್ನು ನಡುವಿನ ತೂತಿಗೆ ಬೆರಳು ತೂರಿಸಿ ಹಿಡಿದು, ಅಂಚಿಗೆ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಖಣ್ ಅಂದರೆ ಗಟ್ಟಿ. ಬದ್ದ್ ಅಂತ ಗೊರಗೊರ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ. ಆಮೇಲೆ ಬಿಸಿಲಿಗೆ ಓರೆಯಾಗಿ ಹಿಡಿಯಿರಿ: ಗೆರೆ ಕಪ್ಪಗೆ ಮಿಂಚಿದರೆ ತಗೊಳ್ಳಿ. ಬೂದು ಬಣ್ಣಕ್ಕೆ ತಿರುಗಿದ್ದರೆ ಸೂಜಿ ತಿಂದುಬಿಟ್ಟಿದೆ, ಎಷ್ಟು ತೊಳೆದರೂ ದನಿ ಬರಲ್ಲ.

ಬೂಷ್ಟಿಗೆ ಒಂದು ಲೀಟರ್ ಬ್ಯಾಟರಿ ನೀರಿಗೆ (ಅಂದರೆ ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ, ನೋಡಿ ತಗೊಳ್ಳಿ!) ಎರಡು ಮೂರು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಸಾಕು. ಮೆತ್ತನೆ ಬ್ರಷ್‌ನಿಂದ ಗೆರೆಯ ದಿಕ್ಕಿಗೇ ಸುತ್ತಿಸಿ ಉಜ್ಜಿ, ಬರೀ ಬ್ಯಾಟರಿ ನೀರಲ್ಲಿ ತೊಳೆದು ನಿಲ್ಲಿಸಿ ಒಣಗಿಸಿ. ನೆನೆಹಾಕಬಾರದು, ಲೇಬಲ್‌ಗೆ ನೀರು ಸೋಕಬಾರದು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಸುಣ್ಣ ಗೆರೆಯೊಳಗೆ ಕೂತುಬಿಡುತ್ತೆ.

ಕೊಪ್ಪಳ_ತಟ್ಟೆ:
ಮೈಕ್‌ಸೆಟ್ ಅಂಗಡಿಯಿಂದ ಬಂದ ಗಂಟಾದ್ರ ಸಿನೆಮಾ ಹಾಡಿನ ಸಣ್ಣ ತಟ್ಟೆ ಮೇಲೆ ಆಸೆ ಇಟ್ಕೋಬ್ಯಾಡ್ರಿ. ಮದುವಿ, ಜಾತ್ರಿಯೊಳಗ ಭಾರದ ಸೂಜಿ ಹಾಕಿ ಸವೆಸಿರ್ತಾರ. ಯಾರೂ ಕೇಳದ ಭಜನೆ, ನಾಟಕದ ತಟ್ಟೆನೇ ಹೊಸದರಂಗ ಉಳಿದಿರ್ತಾವ.

ಊರೂ ನೋಡ್ರಿ. ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದ್ ರಾಜ್ಯ, ಹಂಗಾಗಿ ಉರ್ದು ಗಜಲ್, ಕವ್ವಾಲಿ ಸಿಗೋದು ಹೆಚ್ಚು. ಬಳ್ಳಾರಿ 1953ರ ತನಕ ಮದ್ರಾಸ್ ರಾಜ್ಯದಾಗಿತ್ತು, ಅಲ್ಲಿ ತೆಲುಗು ಜಾಸ್ತಿ. ಲೇಬಲ್ ಮೇಲೆ ಗಾಂಧಾರಿ ಹಾನಗಲ್ ಅಂತ ಕಂಡ್ರ ಬೇರೆ ಯಾರೋ ಅಂತ ಕೆಳಗಿಡಬ್ಯಾಡ್ರಿ, ಅದು ಗಂಗೂಬಾಯಿ ಹಾನಗಲ್ಲರ 1930ರ ದಶಕದ ತಟ್ಟೆ. ಲೇಬಲ್ ಹರಿದಿದ್ರ ಅದರ ಸುತ್ತ ಖಾಲಿ ಜಾಗದಾಗ ಒತ್ತಿದ ನಂಬರ್ ಬರಕೊಳ್ರಿ, ಅದರಿಂದ ಪತ್ತೆ ಹಚ್ಚಬಹುದು.

ಹೊಸಪೇಟೆ_ಸೌಂಡ್:
ಸೂಜಿ ವಿಷಯ ಬಿಟ್ಟುಹೋಯ್ತು. 78ಕ್ಕೆ ಸುಮಾರು 75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ತುದಿ ಬೇಕು, ಎಲ್‌ಪಿಗೆ, ಅಂದರೆ ವಿನೈಲ್‌ನ ದೊಡ್ಡ ತಟ್ಟೆಗೆ, 18ರಿಂದ 25. ಎಲ್‌ಪಿ ಸೂಜಿ 78ರ ಗೆರೆಯ ತಳಕ್ಕೆ ಕೂತು ಬರೀ ಕರಕರ ಅನ್ನುತ್ತೆ, ಹಾಡು ಇರೋದು ಗೆರೆಯ ಪಕ್ಕದ ಗೋಡೆಯಲ್ಲಿ. ಕೀ ಕೊಡೋ ಗ್ರಾಮಫೋನ್‌ಗೆ ವಿನೈಲ್ ಹಾಕಿದರಂತೂ ಒಂದೇ ಸಲಕ್ಕೆ ಗೆರೆ ಕಿತ್ತುಹೋಗುತ್ತೆ.

ಮಾನ್ವಿ_ರೇಡಿಯೋ:
ಸೊಟ್ಟ ಆದವು?

ಕೊಪ್ಪಳ_ತಟ್ಟೆ:
ಅರಗಿನದಾದ್ರ ಎರಡು ದಪ್ಪ ಗಾಜಿನ ನಡುವೆ ಇಟ್ಟು ಬೆಳಗಿನ ಬಿಸಿಲಿಗೆ ಹಿಡೀರಿ, ಐದೈದು ನಿಮಿಷಕ್ಕ ನೋಡ್ರಿ. ಮೆತ್ತಗಾಗಿ ಕೂತ ಕೂಡಲೇ ನೆರಳಿಗೆ ತಂದು, ಗಾಜು ತೆಗೀದೆ ಪೂರ್ತಿ ಆರಲಿ. ವಿನೈಲ್‌ಗೆ ಇದನ್ನ ಮಾಡಬ್ಯಾಡ್ರಿ, ಗೆರೆನೇ ಹಾಳಾಗ್ತಾವ. ಸೊಟ್ಟ ವಿನೈಲ್ ಇದ್ರ ಗಂಟಿನ ರೇಟ್ ಇಳಿಸಾಕ ತೋರಿಸ್ರಿ, ಅಷ್ಟಕ್ಕ ಬರ್ತದ.