ಮರಗೆಲಸದ ಪ್ರಹಸನ: ನಗು ಬರಬೇಕು, ಗಾಯ ಆಗಬಾರದು

ಪ್ರಶ್ನೆ: ಮರಗೆಲಸ ಕಲಿಯುತ್ತಿರುವ ಮಕ್ಕಳ ಮುಂದೆ ಹತ್ತು ನಿಮಿಷದ ಪ್ರಹಸನವೊಂದನ್ನು ಆಡಿಸಬೇಕಾಗಿದೆ. ಮಾತು ಕಡಿಮೆ, ಏಳುವುದು, ಬೀಳುವುದು, ಪೆಟ್ಟು ತಿನ್ನುವುದು ಹೆಚ್ಚು. ಗರಗಸ, ಸುತ್ತಿಗೆ, ಉಳಿ ಎಲ್ಲವನ್ನೂ ರಂಗಕ್ಕೆ ತರಬಹುದೇ? ಅನುಭವವಿರುವವರು ತಿಳಿಸಿ.

ಬಡಗಿ ಕೆಲಸದ ಜೊತೆಗೆ ನಾಟಕವನ್ನೂ ಆಡುವವರು:
ಸ್ಟೂಲಿನ ಪ್ರಸಂಗವನ್ನು ಬಿಡಲೇಬೇಡಿ. ಸ್ಟೂಲು ಅಲುಗಾಡುತ್ತದೆ, ಉದ್ದವೆನಿಸಿದ ಕಾಲನ್ನು ಚೂರು ಕೊಯ್ದರೆ ಈಗ ಅದೇ ಗಿಡ್ಡ. ಇನ್ನೊಂದನ್ನು ಕೊಯ್ಯಬೇಕು, ಮತ್ತೊಂದನ್ನು ಕೊಯ್ಯಬೇಕು, ಕೊನೆಗೆ ಸ್ಟೂಲು ಹೋಗಿ ಮಣೆ ಉಳಿಯುತ್ತದೆ. ಹಳೆಯ ಆಟವೇ, ಆದರೆ ಅದರಲ್ಲಿ ಸುಳ್ಳಿಲ್ಲ. ಮೂರು ಕಾಲು ಎಂಥ ಏರುತಗ್ಗಿನ ನೆಲದಲ್ಲೂ ಊರಿ ನಿಲ್ಲುತ್ತವೆ, ತಕರಾರು ತೆಗೆಯುವುದು ನಾಲ್ಕನೆಯದು. ನಟ ಪೆದ್ದನಂತೆ ಆಡಕೂಡದು. ಒಂದು ಕಣ್ಣು ಮುಚ್ಚಿ ಅಳೆಯಲಿ, ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಲಿ, ಗರಗಸವನ್ನು ಗೆರೆಯ ಮೇಲೆ ಹಗುರವಾಗಿ ಎಳೆದು ಗೀರು ಮಾಡಿಕೊಳ್ಳಲಿ, ಹೊಟ್ಟನ್ನು ಉಫ್ ಎಂದು ಊದಲಿ. ಆ ಶ್ರದ್ಧೆ ಹೆಚ್ಚಿದಷ್ಟೂ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಕಾಲುಗಳನ್ನು ಮೊದಲೇ ತುಂಡು ಮಾಡಿ ಒಳಗೆ ಗೂಟ ಕೊಟ್ಟು ಜೋಡಿಸಿಡಿ. ಗರಗಸದ ಹಲ್ಲನ್ನು ಅರದಿಂದ ಉಜ್ಜಿ ಪೂರ್ತಿ ಮೊಂಡು ಮಾಡಿ.

ಪ್ರಹಸನ ಮುಗಿದ ಕೂಡಲೇ ಸರಿಯಾದ ಕ್ರಮವನ್ನೂ ತೋರಿಸಿ. ಸ್ಟೂಲನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು, ಗಿಡ್ಡ ಕಾಲಿನಡಿ ಚಕ್ಕೆ ಕೊಟ್ಟು, ಒಂದೇ ಮರದ ತುಂಡಿನ ಮೇಲೆ ಪೆನ್ಸಿಲ್ ಒರಗಿಸಿ ನಾಲ್ಕೂ ಕಾಲುಗಳ ಸುತ್ತ ಗೆರೆ ಎಳೆಯಬೇಕು, ಆಮೇಲೆ ಕೊಯ್ಯಬೇಕು. ಹೊಟ್ಟೆ ಹುಣ್ಣಾಗುವಂತೆ ನಕ್ಕವರ ತಲೆಯಲ್ಲಿ ಇದು ಗಟ್ಟಿಯಾಗಿ ಕೂರುತ್ತದೆ.

ರಂಗಪರಿಕರ ಮಾಡುವವರು:
ಪೆಟ್ಟಿನ ಸದ್ದಿಗೆ ಸುತ್ತಿಗೆ ಬೇಡ. 16ನೆಯ ಶತಮಾನದಲ್ಲಿ ಇಟಲಿಯಲ್ಲಿ ಬೆಳೆದ ಕೊಮೀಡಿಯಾ ದೆಲ್ಲಾರ್ತೆ ಎಂಬ ಹಾಸ್ಯನಾಟಕಗಳಿಗೆ ಒಂದು ಜೋಡಿಪಟ್ಟಿ ಇತ್ತು, ಅರ್ಲೆಕೀನೋ ಎಂಬ ತುಂಟ ಆಳಿನ ಪಾತ್ರಧಾರಿಯ ಕೈಯಲ್ಲಿರುತ್ತಿದ್ದದ್ದು. ತೋಳುದ್ದದ ಎರಡು ತೆಳು ಪಟ್ಟಿಗಳನ್ನು ಉಜ್ಜುಗೊರಡಿನಿಂದ ನಯಮಾಡಿ, ಹಿಡಿಯ ಬಳಿ ಮಾತ್ರ ನಡುವೆ ಚಕ್ಕೆಯಿಟ್ಟು ಬಿಗಿಯಿರಿ. ಮೆಲ್ಲಗೆ ತಾಗಿಸಿದರೂ ಪಟ್ಟಿಗೆ ಪಟ್ಟಿ ಬಡಿದು ಛಟೀರ್ ಎನ್ನುತ್ತದೆ. ಇದನ್ನು ಮಕ್ಕಳಿಂದಲೇ ಮಾಡಿಸಿ; ಅಂಚು, ಮೂಲೆಗಳನ್ನು ದುಂಡಗೆ ಉಜ್ಜಿಸುವುದನ್ನು ಮರೆಯಬೇಡಿ. ಹೆಗಲ ಮೇಲೆ ಹೊತ್ತು ಗಿರಕ್ಕನೆ ತಿರುಗುವ ಉದ್ದನೆಯ ಹಲಗೆ ಥರ್ಮಕೋಲಿನದೇ ಆಗಿರಲಿ.

ಮಕ್ಕಳ ನಾಟಕ ನಿರ್ದೇಶಿಸುವವರು:
ಇಬ್ಬರು ಹಿಡಿಯುವ ಗರಗಸವನ್ನೂ ಸೇರಿಸಿಕೊಳ್ಳಿ, ರಟ್ಟಿನಲ್ಲಿ ಕತ್ತರಿಸಿದ್ದು ಸಾಕು. ನಿಜವಾದ ಕೆಲಸದಲ್ಲಿ ಪ್ರತಿಯೊಬ್ಬರೂ ಸರದಿಯಂತೆ ಎಳೆಯುತ್ತಾರೆ, ಯಾರೂ ತಳ್ಳುವುದಿಲ್ಲ. ತಳ್ಳಿದರೆ ಅಲಗು ಬಾಗುತ್ತದೆ. ಆ ಲಯ ನೋಡುವವರ ಕಣ್ಣಿಗೆ ಒಗ್ಗಿದ ಮೇಲೆ ಒಬ್ಬ ತೂಕಡಿಸಲಿ. ನಿದ್ದೆಯಲ್ಲೇ ಅವನ ಮೈ ಮುಂದಕ್ಕೂ ಹಿಂದಕ್ಕೂ ತೂಗುತ್ತಿರಲಿ. ಮಾತೇ ಬೇಕಾಗುವುದಿಲ್ಲ.

ಉಳಿಯನ್ನು ಮಾತ್ರ ರಂಗಕ್ಕೆ ತರಬೇಡಿ, ಮೊಂಡಾದದ್ದನ್ನೂ ತರಬೇಡಿ. ನೋಡಿದ್ದನ್ನು ಮಕ್ಕಳು ಮರುದಿನವೇ ಮಾಡಿ ನೋಡುತ್ತಾರೆ, ಅವರ ಕೈಯಲ್ಲಿರುವ ಉಳಿ ಹರಿತವಾಗಿರುತ್ತದೆ.